ಅಣ್ಣ ಓದಿದ ಹಾಳೆ

ಲಕೋಟೆಗಳನ್ನು ಹಿಂದಿನ ಸೀಟಿನಲ್ಲಿ ಇಡುವುದೋ ಡಿಕ್ಕಿಯಲ್ಲಿ ಇಡುವುದೋ ಎಂದು ಅನುಶ್ರೀ ಮೂರು ಸಲ ಮನಸ್ಸು ಬದಲಾಯಿಸಿದಳು. ಇದ್ದದ್ದು ಎರಡೇ ಲಕೋಟೆ; ಒಂದರ ಮೇಲೆ ಎ, ಇನ್ನೊಂದರ ಮೇಲೆ ಬಿ. ಒಳಗೆ ಎಂಟೆಂಟು ಹಾಳೆ. ಒಂದರಲ್ಲಿ ಎಲ್ಲ ಅರಬ್ಬಿ ಪುಸ್ತಕಗಳಲ್ಲೂ ಇರುವ ಮಾಮೂಲಿ ಅಕ್ಷರ, ಇನ್ನೊಂದರಲ್ಲಿ ಅವಳು ಮೂರು ವರ್ಷ ಕಂಪ್ಯೂಟರಿನ ಮುಂದೆ ಕೂತು ರೂಪಿಸಿದ ಅಕ್ಷರ. ಡಿಸ್ಲೆಕ್ಸಿಯಾ ಇರುವ ಎಂಟು ಮಕ್ಕಳು ಇವತ್ತು ಎರಡನ್ನೂ ಓದಬೇಕು, ಯಾವುದರಲ್ಲಿ ಕಡಿಮೆ ತಡವರಿಸುತ್ತಾರೆಂದು ನೋಡಬೇಕು. ಯಾವ ಲಕೋಟೆಯಲ್ಲಿ ಯಾವ ಅಕ್ಷರವಿದೆ ಎಂಬುದು ಓದಿಸುವ ಟೀಚರಿಗೆ ಮೊದಲೇ ಗೊತ್ತಾಗಬಾರದು, ಅನುಶ್ರೀಯಂತೂ ಹಾಳೆಗಳನ್ನು ಕಣ್ಣಿನಿಂದಲೂ ಮುಟ್ಟಬಾರದು, ಅದು ನಿಯಮ. ಹಾಗಾಗಿ ಪ್ರಿಂಟ್ ಅಂಗಡಿಯವರೇ ಲಕೋಟೆಗೆ ತುಂಬಿ ಅಂಟು ಹಾಕಿ ಕೊಟ್ಟಿದ್ದರು. ಕೊನೆಗೆ ಅವುಗಳನ್ನು ಹಿಂದಿನ ಸೀಟಿನಲ್ಲಿಟ್ಟು ಸೀಟ್‌ಬೆಲ್ಟ್ ಹಾಕಿದಳು. ಗಾಜಿನ ಮೇಲೆ ಕೂತಿದ್ದ ಹಳದಿ ಪರಾಗವನ್ನು ಬೆರಳಿನಿಂದ ತೀಡಿ ನೋಡುತ್ತ ನಿಂತಿದ್ದ ಬಸವಪ್ರಸಾದ್ ಇಣುಕಿದ. "ಅದಕ್ಕೂ ಬೆಲ್ಟ್ ಹಾಕಬೇಕೇನು ಈ ದೇಶದಾಗ?" ಎಂದ. ಅವನು ಅವಳ ಸ್ವಂತ ಅಣ್ಣ. ರಾಣೆಬೆನ್ನೂರಿನಲ್ಲಿ ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾನೆ. ಆರು ವಾರದ ಕೆಳಗೆ ತಂಗಿಯನ್ನು ನೋಡಿಹೋಗಲೆಂದು ಹಿಲ್ಸ್‌ಬರೋಕ್ಕೆ ಬಂದವನು.

ಅವನು ಇವತ್ತು ಜೊತೆಗೆ ಬರುವುದು ಯೋಜನೆಯಲ್ಲಿರಲಿಲ್ಲ. ಗಂಡ ಶಿವಕಿರಣ್ ಮಗಳನ್ನು ಸಾಕರ್ ಮ್ಯಾಚಿಗೆ ಕಾರಿನಲ್ಲಿ ಕರೆದೊಯ್ಯಬೇಕಾಗಿತ್ತು, ಅಣ್ಣನನ್ನೂ ಕರೆದುಕೊಂಡು ಹೋಗಲಿ ಎಂದುಕೊಂಡಿದ್ದಳು. ಆದರೆ ತಿಂಡಿ ತಿನ್ನುವಾಗ ಅವನು, "ಆ ಚೆಂಡಿನಾಟ ನೋಡಿ ನೋಡಿ ಸಾಕಾತು. ನಾ ನಿನ್ನ ಕೂಡ ಬರ್ತೀನಿ, ನೀ ಮಾಡೋ ಕೆಲಸ ಒಮ್ಮೆ ನೋಡಬೇಕು" ಎಂದುಬಿಟ್ಟ. ಅನುಶ್ರೀ "ಬಾ" ಎಂದಳು. ಅನ್ನುವ ಮೊದಲು ಒಂದು ಕ್ಷಣ ತಡೆದಳು. ಆ ಒಂದು ಕ್ಷಣವೇ ಈಗ ಇನ್ನೂರಾರನೇ ನಂಬರಿನ ಹೆದ್ದಾರಿಯುದ್ದಕ್ಕೂ ಅವಳ ಪಕ್ಕದಲ್ಲಿ ಮೂರನೆಯವರಂತೆ ಕೂತು ಬರುತ್ತಿತ್ತು. ಯಾಕೆ ತಡೆದೆ? ಓದಲಾರದ ಮಕ್ಕಳ ಕೋಣೆಗೆ ಅಣ್ಣನನ್ನು ಕರೆದುಕೊಂಡು ಹೋಗುವುದು ಹೇಗೆ ಎಂದು ತಾನೇ? ಅವನು ಬಸ್ಸುಗಳನ್ನು ಬಣ್ಣದಿಂದ ಗುರುತಿಸುತ್ತಾನೆ, ಬ್ಯಾಂಕಿನಲ್ಲಿ ಕನ್ನಡಕ ಮರೆತು ಬಂದೆ ಎನ್ನುತ್ತಾನೆ, ಕನ್ನಡಕ ಅವನಿಗಿಲ್ಲವೇ ಇಲ್ಲ. ನಲವತ್ತೆಂಟು ವರ್ಷದ ಆ ಮನುಷ್ಯ ಈ ಹೊತ್ತು ಕಿಟಕಿಯ ಗಾಜು ಇಳಿಸಿ ಗಾಳಿಗೆ ಮುಖವೊಡ್ಡಿ ಹಾಡು ಗುನುಗುತ್ತಿದ್ದ. ಅವಳ ಎದೆಯಲ್ಲಿ ಎದ್ದಿದ್ದ ದೂಳು ಅವನ ಕಣ್ಣಿಗೆ ಬಿದ್ದ ಹಾಗೆ ಕಾಣಲಿಲ್ಲ. ಬಿದ್ದಿದ್ದರೂ ಹೇಳುವವನಲ್ಲ. ಆರು ವಾರದಿಂದ ಒಂದೇ ಸೂರಿನ ಕೆಳಗಿದ್ದರೂ ಅವಳು ಕೇಳಲಾಗದೆ ಉಳಿದ ಪ್ರಶ್ನೆ ಒಂದೇ: ಆ ದಿನ ನಿನಗೆ ನೆನಪಿದೆಯಾ ಅಣ್ಣಾ?

ರಾಣೆಬೆನ್ನೂರಿನ ಆ ಶಾಲೆಯಲ್ಲಿ ಹೆಡ್‌ಮಾಸ್ತರ್ ಪಂಚಾಕ್ಷರಯ್ಯನವರು ಒಳಗೆ ಬಂದರೆ ಮೇಜಿನ ಮೇಲಿನ ಸೀಸದಕಡ್ಡಿಯೂ ನೆಟ್ಟಗಾಗುತ್ತಿತ್ತು. ಮನೆಯಲ್ಲಿ ಅಪ್ಪ, ಶಾಲೆಯಲ್ಲಿ 'ಸರ್'. ನಾಲ್ಕನೆಯ ಇಯತ್ತೆಯ ಅನುಶ್ರೀಗೂ ಸರ್, ಎರಡು ಸಲ ನಪಾಸಾಗಿ ತಂಗಿಯ ಇಯತ್ತೆಗೇ ಬಂದು ಕೂತಿದ್ದ ಬಸವಪ್ರಸಾದನಿಗೂ ಸರ್. ಓದಲಾರದೆ ನಿಂತವನ ಮೂಗನ್ನು ಓದಿದವರು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಕೆನ್ನೆಗೆ ಬಾರಿಸಬೇಕು. ಆಗಿನ ಶಾಲೆಗಳಲ್ಲಿ ಇದು ಪ್ರಾರ್ಥನೆಯಷ್ಟೇ ಸಹಜ. ಅಣ್ಣ ಪುಸ್ತಕವನ್ನು ಮುಖದ ಹತ್ತಿರ ತಂದು, ದೂರ ಒಯ್ದು, ಒಂದೊಂದು ಅಕ್ಷರವನ್ನೂ ಗುರುತು ಸಿಗದ ನೆಂಟನನ್ನು ನೋಡಿದ ಹಾಗೆ ನೋಡುತ್ತಿದ್ದ. ಆ ದಿನ ಸರ್ ಯಾರ ಹೆಸರನ್ನೂ ಕರೆದಿರಲಿಲ್ಲ. "ಯಾರು ಹೊಡೀತೀರಿ ಇವಗ?" ಎಂದಷ್ಟೇ ಕೇಳಿದ್ದರು. ಕೈ ಎತ್ತಿದವಳು ಅನುಶ್ರೀ. ಎತ್ತಿದ್ದು ಮಾತ್ರವಲ್ಲ, ಬೆಂಚಿನಿಂದ ಅರ್ಧ ಎದ್ದು, ಬೆರಳು ಅಲ್ಲಾಡಿಸುತ್ತ, "ಸರ್, ನಾನು ಸರ್, ನಾನು" ಎಂದಿದ್ದಳು. ಅಪ್ಪ ಅಪರೂಪಕ್ಕೆ ನಗುತ್ತಿದ್ದರು, ಆಗ ನಕ್ಕರು. ಅಂಗೈಯಲ್ಲಿ ಆ ಕೆನ್ನೆಯ ಬಿಸಿ ಈಗಲೂ ಇದೆ. ಮುಂದೆ ಹೋಗುತ್ತಿದ್ದ ಲಾರಿ ಬ್ರೇಕ್ ಹಾಕಿತು, ಅನುಶ್ರೀಯೂ ಹಾಕಿದಳು. "ನಿಧಾನಕ, ನಿನ್ನ ಲಕೋಟಿ ಬಿದ್ದೀತು" ಎಂದ ಅಣ್ಣ.

ಈ ಅಕ್ಷರಗಳ ಕೆಲಸಕ್ಕೆ ಕೂತದ್ದೇ ಆ ಕೆನ್ನೆಯ ಸಲುವಾಗಿ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಅವಳು ಮ್ಯಾನ್‌ಹಟನ್ನಿನ ಒಂದು ಫಾಂಟ್ ಕಂಪನಿಯಲ್ಲಿದ್ದಾಳೆ, ಹತ್ತೊಂಬತ್ತು ಲಿಪಿಗಳ ಮೂಗು ತುಟಿ ತಿದ್ದಿದ್ದಾಳೆ. ಡಿಸ್ಲೆಕ್ಸಿಯಾ ಇರುವ ಅರಬ್ಬಿ ಮಕ್ಕಳಿಗಾಗಿ ಅಕ್ಷರ ಮಾಡುವವರು ಬೇಕೆಂದಾಗ ಮೊದಲು ಕೈ ಎತ್ತಿದವಳು ಅವಳೇ. ಎತ್ತಿದ ಮೇಲೆ ಆ ಕೈಯನ್ನು ನೋಡಿಕೊಂಡು ಬೆಚ್ಚಿದ್ದಳು. ಕನ್ನಡದಲ್ಲೇ ಯಾಕೆ ಮಾಡಬಾರದು ಎಂದು ಶಿವಕಿರಣ್ ಕೇಳಿದ್ದ. ಆಗಲಿಲ್ಲ. ಕನ್ನಡದ ಅಕ್ಷರದ ಮುಂದೆ ಕೂತರೆ ಅವಳು ನಾಲ್ಕನೆಯ ಇಯತ್ತೆಯ ಮೊದಲ ಬೆಂಚಿನ ಜಾಣೆಯಾಗಿಬಿಡುತ್ತಿದ್ದಳು. ಅರಬ್ಬಿ ಅವಳಿಗೆ ಓದಲು ಬಾರದು. ಅದರ ಮುಂದೆ ಅವಳೂ ಹಿಂದಿನ ಬೆಂಚು. ಒಂದೇ ಆಕಾರದ ಮೇಲೆ ಒಂದು ಚುಕ್ಕೆ ಇಟ್ಟರೆ ಒಂದು ಅಕ್ಷರ, ಎರಡಿಟ್ಟರೆ ಇನ್ನೊಂದು, ಮೂರಿಟ್ಟರೆ ಮತ್ತೊಂದು, ಕೆಳಗಿಟ್ಟರೆ ಬೇರೆಯದೇ. ಆ ಮಕ್ಕಳ ಕಣ್ಣಿನಲ್ಲಿ ಚುಕ್ಕೆಗಳು ಮುಸುರಿ ನೊಣದಂತೆ ಕೂತಲ್ಲಿ ಕೂರುವುದಿಲ್ಲ. ಅವಳು ಚುಕ್ಕೆಗಳನ್ನು ದಪ್ಪ ಮಾಡಿದಳು, ಅಕ್ಷರದಿಂದ ತುಸು ದೂರ ಸರಿಸಿದಳು. ಇಂಗ್ಲಿಷಿಗೆ ಮಾಡುವಂತೆ ಅಕ್ಷರಗಳ ನಡುವೆ ಜಾಗ ಬಿಟ್ಟು ಮೊದಲ ಮಾದರಿ ಕೊಟ್ಟಾಗ ಪ್ಯಾಟರ್ಸನ್ನಿನ ಶನಿವಾರದ ಅರಬ್ಬಿ ಶಾಲೆಯ ಮಿಸ್ ಇಬ್ತಿಸಾಮ್, "ಕೈ ಹಿಡಿದು ಹೋಗುತ್ತಿರುವ ಮಕ್ಕಳ ಕೈ ಬಿಡಿಸಿದ್ದೀರಲ್ಲ" ಎಂದಿದ್ದರು. ಅರಬ್ಬಿ ಅಕ್ಷರಗಳು ಒಂದನ್ನೊಂದು ಹಿಡಿದೇ ನಡೆಯಬೇಕು. ಆಮೇಲೆ ಅವಳು ಹಿಡಿತವನ್ನು ಬಿಡಿಸದೆ ತೋಳುಗಳನ್ನು ಮಾತ್ರ ಉದ್ದ ಮಾಡಿದಳು. ಅದಕ್ಕೇ ಒಂದು ವರ್ಷ ಹಿಡಿಯಿತು. ಇವತ್ತು ಒಂದು ಮಗು, ಒಂದೇ ಒಂದು ಮಗು, ಅಣ್ಣನ ಕಣ್ಣೆದುರಿಗೆ ಅವಳ ಅಕ್ಷರದಲ್ಲಿ ತಡವರಿಸದೆ ಓದಿಬಿಟ್ಟರೆ ಆಗ ಬಾಯಿ ಬಂದೀತು, ಆ ದಿನದ ಮಾತು ಕೇಳಿಯೇ ಬಿಡುತ್ತೇನೆ ಎಂದು ಅವಳು ಬೆಳಗ್ಗೆ ಹಲ್ಲುಜ್ಜುವಾಗ ನಿಶ್ಚಯಿಸಿದ್ದಳು. ನಿಶ್ಚಯಕ್ಕೇನು, ಹಲ್ಲುಜ್ಜುವಾಗ ಎಲ್ಲರೂ ಶೂರರೇ.

ಪ್ಯಾಟರ್ಸನ್ನಿನ ಮೇನ್ ಸ್ಟ್ರೀಟಿಗೆ ತಿರುಗಿದ್ದೇ ಅಂಗಡಿ ಬೋರ್ಡುಗಳಲ್ಲಿ ಇಂಗ್ಲಿಷಿನ ನೆತ್ತಿಯ ಮೇಲೆ ಅರಬ್ಬಿ ಬಂದು ಕೂತಿತು. ಬಸವಪ್ರಸಾದ್ ಒಂದು ದೊಡ್ಡ ಹಸಿರು ಬೋರ್ಡು ತೋರಿಸಿದ. "ಏನ್ ಬರ್ದೈತಿ ಅದರಾಗ?"

"ಸ್ವೀಟ್ಸ್ ಅಂತ."

"ಅದು ಇಂಗ್ಲೀಷಲ್ಲ? ಅದರ ಮ್ಯಾಲಿಂದು?"

"ಅದು ನನಗ ಬರಂಗಿಲ್ಲ ಅಣ್ಣಾ."

"ನೀನೇ ಮಾಡೀಯಲ್ಲ ಆ ಅಕ್ಷರ, ಮೂರು ವರ್ಷಾತು ಅಂದಿ!"

"ಮಾಡ್ತೀನಿ. ಓದಾಕ ಬರಂಗಿಲ್ಲ."

ಅವನು ತೊಡೆ ತಟ್ಟಿಕೊಂಡು ನಕ್ಕ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಹಂಗಾರ ಈ ಓಣ್ಯಾಗ ನೀನೂ ನಾನೂ ಒಂದೇ ಬೆಂಚು ಬಿಡು!" ಅನುಶ್ರೀಯೂ ನಕ್ಕಳು, ಆದರೆ ಬೆಂಚು ಎಂಬ ಮಾತಿಗೆ ತಿರುಗಿ ಅವನತ್ತ ನೋಡಿದಳು. ಬೇಕೆಂದೇ ಅಂದನೋ, ಬಾಯಿಗೆ ಬಂತು ಅಂದನೋ? ಅವನ ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ. ಅವನು ಆಗಲೇ ಇನ್ನೊಂದು ಬೋರ್ಡು ಹುಡುಕುತ್ತಿದ್ದ. ಪಾರ್ಕಿಂಗ್ ಸಿಗುವವರೆಗೆ ಏಳು ಬೋರ್ಡು ತೋರಿಸಿ ಏಳು ಸಲವೂ ಅವಳಿಂದ ಬರಂಗಿಲ್ಲ ಅನ್ನಿಸಿದ. ತನಗೆ ಬರುವುದಿಲ್ಲ ಎಂದು ಇಷ್ಟು ಸುಲಭವಾಗಿ, ಇಷ್ಟು ಸಲ ಅವಳು ಜನ್ಮದಲ್ಲಿ ಹೇಳಿರಲಿಲ್ಲ.

ಶಾಲೆ ಇದ್ದದ್ದು ಬೇಕರಿಯೊಂದರ ಮೇಲಿನ ಮಹಡಿಯಲ್ಲಿ. ಮೆಟ್ಟಿಲಿನ ತುಂಬ ಹುರಿದ ಎಳ್ಳಿನ ವಾಸನೆ. ಮಿಸ್ ಇಬ್ತಿಸಾಮ್ ಬಾಗಿಲಿನಲ್ಲೇ ನಿಂತಿದ್ದರು. ಅರವತ್ತರ ಮೇಲಿನ, ಎತ್ತರದ ಹೆಂಗಸು, ಬೂದುಬಣ್ಣದ ತಲೆವಸ್ತ್ರ, ಕೊರಳಿಗೆ ಸರಪಳಿಯಲ್ಲಿ ತೂಗುಬಿಟ್ಟ ಕನ್ನಡಕ. ಅವರ ನಿಲುವಿನಲ್ಲಿ ಪಂಚಾಕ್ಷರಯ್ಯನವರ ಗತ್ತು ಇತ್ತು, ಅದಕ್ಕೇ ಅನುಶ್ರೀಗೆ ಅವರೆದುರು ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. "ನನ್ನ ಅಣ್ಣ, ಇಂಡಿಯಾದಿಂದ ಬಂದಿದ್ದಾರೆ" ಎಂದಳು ಇಂಗ್ಲಿಷಿನಲ್ಲಿ. ಬಸವಪ್ರಸಾದ್ ಕೈಮುಗಿದ, ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು. ಒಳಗೆ ಎಂಟು ಮಕ್ಕಳು, ಒಂಬತ್ತು ಹತ್ತು ವರ್ಷದವರು. ಮನೆಯಲ್ಲಿ ಅರಬ್ಬಿ, ಬೀದಿಯಲ್ಲಿ ಇಂಗ್ಲಿಷ್, ಎರಡನ್ನೂ ಗುಬ್ಬಿಗಳ ಹಾಗೆ ಮಾತಾಡುವವರು. ಹಾಳೆ ಕೈಗೆ ಬಂದರೆ ಮಾತ್ರ ಬಾಯಿಗೆ ಬೀಗ. ಎಲ್ಲರಿಗಿಂತ ಹಿಂದೆ, ಫ್ಯಾನಿನ ಪಕ್ಕದ ಮೂಲೆಯಲ್ಲಿ, ಲಯಾನ್ ಎಂಬ ಹುಡುಗಿ ಹೊಟ್ಟೆ ಹಿಡಿದುಕೊಂಡು ಮುದುರಿ ಕೂತಿದ್ದಳು. ಓದುವ ದಿನ ಅವಳಿಗೆ ಹೊಟ್ಟೆನೋವು ಬರುತ್ತದೆ, ಆಟದ ದಿನ ಬರುವುದಿಲ್ಲ, ಎಂದು ಮಿಸ್ ಇಬ್ತಿಸಾಮ್ ಪಿಸುಗುಟ್ಟಿದರು. ಆ ಫ್ಯಾನು ಕಿರ್ರ್ ಕಿರ್ರ್ ಎಂದು ಒದರುತ್ತಿತ್ತು. ಮೋಟಾರು ನರಳಿದರೆ ಬಸವಪ್ರಸಾದನಿಗೆ ತಡೆದುಕೊಳ್ಳಲಾಗದು. ಅವನು ಯಾರನ್ನೂ ಕೇಳದೆ ಹೋಗಿ ಲಯಾನಳ ಪಕ್ಕದ ಪುಟ್ಟ ಕುರ್ಚಿಯಲ್ಲಿ ಕುಕ್ಕರಿಸಿ, ಫ್ಯಾನಿನ ಹಿಂಬದಿಗೆ ಕಿವಿಯಿಟ್ಟು, ಗಂಭೀರವಾಗಿ ತಲೆಯಾಡಿಸಿದ. ಹೊಟ್ಟೆನೋವಿನ ನಡುವೆಯೂ ಹುಡುಗಿ ಇವನನ್ನು ಓರೆಗಣ್ಣಿನಲ್ಲಿ ನೋಡಿದಳು.

ಮಿಸ್ ಇಬ್ತಿಸಾಮ್ ಎ ಲಕೋಟೆಯ ಅಂಟು ಬಿಡಿಸಿ ಒಂದು ಹಾಳೆ ತೆಗೆದರು. ಕನ್ನಡಕ ಏರಿಸಿದರು, ಇಳಿಸಿದರು, ಸೆರಗಿನಂತಿದ್ದ ತಲೆವಸ್ತ್ರದ ತುದಿಯಿಂದ ಒರೆಸಿ ಮತ್ತೆ ಏರಿಸಿದರು. "ಇದೇನಿದು?" ಎಂದರು. ಅನುಶ್ರೀ ನಿಂತಲ್ಲಿಂದಲೇ ನೋಡಿದಳು, ನೋಡಿದ ಕೂಡಲೇ ಗೊತ್ತಾಯಿತು. ಅಕ್ಷರಗಳೆಲ್ಲ ಕೈ ಬಿಟ್ಟು ಒಂದೊಂದೂ ಒಂಟಿಯಾಗಿ ನಿಂತಿದ್ದವು. ಮೇಲಾಗಿ ಬಲಗಡೆಯಿಂದ ಹೊರಡಬೇಕಾದವು ಎಡಗಡೆಯಿಂದ ಹೊರಟಿದ್ದವು. ಗುರುವಾರ ಸಂಜೆ ಮಿಸ್ ಇಬ್ತಿಸಾಮ್ ಫೋನ್ ಮಾಡಿ, ಕಥೆಯಲ್ಲಿನ ಮೇಕೆಯನ್ನು ಬೆಕ್ಕು ಮಾಡಿ, ನಮ್ಮ ಮಕ್ಕಳು ಮೇಕೆ ಕಂಡಿಲ್ಲ ಎಂದಿದ್ದರು. ಅವರೇ ಬರೆದು ಕಳಿಸಿದ ಬೆಕ್ಕನ್ನು ಅವಸರದಲ್ಲಿ ಸೇರಿಸಿದ ಅನುಶ್ರೀ, ಅಚ್ಚಿಗೆ ಕಳಿಸುವ ಪಕ್ಕಾ ಪ್ರತಿಯ ಬದಲು ತಾನು ತಿದ್ದುತ್ತಿದ್ದ ಕಚ್ಚಾ ಫೈಲನ್ನೇ ಅಂಗಡಿಗೆ ಕಳಿಸಿದ್ದಳು. ಅರಬ್ಬಿ ಜೋಡಿಸಲು ಗೊತ್ತಿಲ್ಲದ ಕಂಪ್ಯೂಟರಿನಲ್ಲಿ ಅದು ತೆರೆದುಕೊಂಡು ಹೀಗೆ ಚೆಲ್ಲಾಪಿಲ್ಲಿಯಾಗಿದೆ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಕೂಡ ಯಾರೂ ಮಾಡದ ತಪ್ಪು. ಬಿ ಲಕೋಟೆಯನ್ನು ಅವಳೇ ಹರಿದಳು. ಅದರ ಗತಿಯೂ ಅಷ್ಟೇ. ಹೋದ ವರ್ಷ ಯಾವುದೋ ಆಸ್ಪತ್ರೆಯ ಕನ್ನಡದ ಕರಪತ್ರದಲ್ಲಿ ಒತ್ತಕ್ಷರಗಳೆಲ್ಲ ಕಳಚಿ ಬಿದ್ದಿದ್ದಾಗ ಅದರ ಫೋಟೋ ತೆಗೆದು ಕನ್ನಡ ಬಳಗದ ವಾಟ್ಸಾಪಿಗೆ ಹಾಕಿ, ಓದು ಬಾರದವರಿಗೆ ಅಚ್ಚಿನ ಕೆಲಸ ಕೊಟ್ಟರೆ ಹೀಗೇ ಎಂದು ಬರೆದವಳು ಅವಳೇ. ನಲವತ್ತು ಜನ ನಕ್ಕಿದ್ದರು. ಕಿವಿಯ ತುದಿಯಿಂದ ಕುತ್ತಿಗೆಯವರೆಗೆ ಉರಿ ಇಳಿಯಿತು. ಈ ಕೋಣೆಯ ನೆಲ ಬಾಯಿಬಿಟ್ಟು ತನ್ನನ್ನು ಕೆಳಗಿನ ಬೇಕರಿಯ ಒಲೆಗೆ ಹಾಕಿಬಿಡಬಾರದೇ ಎನ್ನಿಸಿತು.

ಅಷ್ಟರಲ್ಲಿ ಮಕ್ಕಳು ಟೀಚರನ್ನು ಮುತ್ತಿಕೊಂಡಿದ್ದರು. ಮಿಸ್ ಇಬ್ತಿಸಾಮ್ ಮೂವತ್ತು ವರ್ಷ ಓದಿಸಿದವರು, ಸೋಲು ಒಪ್ಪುವ ಜಾತಿಯಲ್ಲ. ಈ ಗೊಂದಲವನ್ನೂ ಓದಿಯೇ ತೀರುತ್ತೇನೆಂದು ಎಡಗಡೆಯಿಂದ ಬೆರಳಿಟ್ಟರು. ಒಂದು ಅಕ್ಷರ ಹೇಳಿದರು. ಇನ್ನೊಂದು ಹೇಳಿದರು. ನಿಂತರು. ಹಿಂದಕ್ಕೆ ಹೋದರು. ಅವರ ತುಟಿ ಶಬ್ದವೊಂದನ್ನು ಹಿಡಿಯಲು ಹೋಗಿ ಜಾರಿತು, ಮತ್ತೆ ಹೋಗಿ ಮತ್ತೆ ಜಾರಿತು. ಮೂಗಿನ ಮೇಲೆ ಬೆವರು. ಯಾರೋ ಕಿಸಕ್ಕೆಂದರು. ಇನ್ನೊಬ್ಬರು. ಮೂಲೆಯಿಂದ ಲಯಾನ್ ಯಾವಾಗ ಎದ್ದು ಬಂದಳೋ, ಟೀಚರ ಮೊಣಕೈಯ ಕೆಳಗಿನಿಂದ ತಲೆ ತೂರಿಸಿ ಹಾಳೆಯನ್ನೂ ಅವರ ಮುಖವನ್ನೂ ನೋಡಿದಳು. ಮುಖ ಅರಳಿತು. "ನೌ ಯೂ ನೋ, ಮಿಸ್!" ಎಂದಳು. ಅದರಲ್ಲಿ ಒಂದಿಷ್ಟೂ ಕುಹಕವಿರಲಿಲ್ಲ. ತನ್ನ ಊರಿಗೆ ಕೊನೆಗೂ ಬಂದ ನೆಂಟರನ್ನು ಬಾಗಿಲಲ್ಲಿ ಎದುರುಗೊಂಡ ಹಾಗಿತ್ತು. ಮಿಸ್ ಇಬ್ತಿಸಾಮ್ ಅವಳನ್ನು ಒಂದು ಕ್ಷಣ ನೋಡಿದರು. ಬೈಯುತ್ತಾರೆ ಎಂದುಕೊಂಡಳು ಅನುಶ್ರೀ. ಅವರು ಮಕ್ಕಳ ಪುಟ್ಟ ಕುರ್ಚಿಯೊಂದರ ಮೇಲೆ ಧೊಪ್ಪನೆ ಕೂತು ಹೊಟ್ಟೆಯಿಂದ ನಗತೊಡಗಿದರು. ಆಮೇಲೆ ಯಾರು ತಡೆಯಬೇಕು? ಎಂಟೂ ಮಕ್ಕಳು ಹದಿನಾರು ಹಾಳೆಗಳನ್ನು ಹಂಚಿಕೊಂಡು, ಟೀಚರಿಗೆ ಕೊಟ್ಟು, ಇದನ್ನು ಓದಿ, ಇಲ್ಲಿ ಓದಿ ಎಂದು ಪೀಡಿಸಿದರು. ಅವರು ತಪ್ಪಿದಾಗಲೆಲ್ಲ ಕುಣಿದರು. ಅವಮಾನದಲ್ಲಿ ನಿಂತಿದ್ದ ಅನುಶ್ರೀಗೆ ತನ್ನ ಗಂಟಲಿನಿಂದಲೂ ನಗೆ ಏಳುತ್ತಿರುವುದು ತಿಳಿದು ಆಶ್ಚರ್ಯವಾಯಿತು. ಮೂರು ವರ್ಷದ ಕೆಲಸ ನೆಲದ ಮೇಲೆ ಹರಡಿ ಬಿದ್ದಿತ್ತು, ಮಕ್ಕಳು ಅದರ ಮೇಲೆ ಕುಣಿಯುತ್ತಿದ್ದರು, ಅವಳು ನಗುತ್ತಿದ್ದಳು.

ಪರೀಕ್ಷೆ ಇವತ್ತು ಆಗುವುದಿಲ್ಲ, ಬೇಸಿಗೆ ರಜೆ ಮುಗಿಯಲಿ, ಸೆಪ್ಟೆಂಬರಿನಲ್ಲಿ ನೋಡೋಣ ಎಂದರು ಮಿಸ್ ಇಬ್ತಿಸಾಮ್, ಕಣ್ಣೊರೆಸಿಕೊಳ್ಳುತ್ತ. ಆಗ ಲಯಾನ್ ಬಂದು, ಸರಿಯಾದ ಹಾಳೆ ಒಂದಾದರೂ ಇದೆಯೇ ಎಂದು ಕೇಳಿದಳು. ಅನುಶ್ರೀಯ ಕೈಚೀಲದಲ್ಲಿ ಹೋದ ತಿಂಗಳ ಪ್ರೂಫ್ ಒಂದು ಮಡಚಿ ಬಿದ್ದಿತ್ತು, ಅಂಚಿನಲ್ಲಿ ಕೆಂಪು ಗುರುತುಗಳು, ಬೆಕ್ಕಿನ ಜಾಗದಲ್ಲಿ ಇನ್ನೂ ಮೇಕೆ. ಅಕ್ಷರ ಮಾತ್ರ ಅವಳದೇ, ದಪ್ಪ ಚುಕ್ಕೆ, ಉದ್ದ ತೋಳು. ಹುಡುಗಿ ಅದನ್ನು ಟೀಚರಿಗೂ ಕೊಡಲಿಲ್ಲ, ತನ್ನ ಜಾಗದಲ್ಲಿ ಕೂತೂ ಓದಲಿಲ್ಲ. ಫ್ಯಾನಿನ ಕಿರುಗುಟ್ಟು ನಿಲ್ಲಿಸಲು ಅದರ ಪಕ್ಕದಲ್ಲಿ ಒಂದು ತಂತಿಯ ಕ್ಲಿಪ್ಪು ಬಗ್ಗಿಸುತ್ತ ಕೂತಿದ್ದ ಬಸವಪ್ರಸಾದನತ್ತ ಬೆರಳು ಮಾಡಿ ಅನುಶ್ರೀಯನ್ನು ಕೇಳಿದಳು: ಅವರಿಗೆ ಅರಬ್ಬಿ ಬರುತ್ತದಾ? ಇಲ್ಲ ಎಂದಳು ಅನುಶ್ರೀ. ಸ್ವಲ್ಪವೂ? ಸ್ವಲ್ಪವೂ ಇಲ್ಲ. "ಗುಡ್" ಎಂದು ಹುಡುಗಿ ಹೋಗಿ ಅವನೆದುರಿಗೆ ಕೂತಳು.

ಬಸವಪ್ರಸಾದ್ ಕೈಯೊರೆಸಿಕೊಂಡು ಮಂಡಿಯ ಮೇಲೆ ಮೊಣಕೈ ಊರಿ ಕೂತ, ಪುರಾಣ ಕೇಳಲು ಕೂತವರ ಹಾಗೆ. ಲಯಾನ್ ಓದಿದಳು. ಒಂದು ಶಬ್ದ, ಆಮೇಲೆ ದೊಡ್ಡ ಬಿಡುವು. ಬಿಡುವಿನಲ್ಲಿ ಅವಳು ತಲೆಯೆತ್ತಿ ಅವನ ಮುಖ ನೋಡಿದಳು. ತಪ್ಪಾಯಿತೇ ಎಂದು ಹುಡುಕುವ ನೋಟ. ಅವನ ಮುಖದಲ್ಲಿ ತಪ್ಪು ಸರಿ ಎರಡೂ ಇರಲಿಲ್ಲ, ಬರೀ ಕುತೂಹಲ. "ಮುಂದ?" ಎಂದ. ಅವಳಿಗೆ ಕನ್ನಡ ತಿಳಿಯದು, ಅವನು ಕೇಳಿದ್ದು ತಿಳಿಯಿತು. ಮುಂದಿನ ಶಬ್ದ ಓದಿದಳು. ಎರಡನೆಯ ಸಾಲಿನಲ್ಲಿ ಎಲ್ಲೋ ತಪ್ಪಿದಳೆಂದು ಕಾಣುತ್ತದೆ, ಮಿಸ್ ಇಬ್ತಿಸಾಮ್ ಬಾಯಿ ತೆರೆದರು. ತೆರೆದ ಬಾಯಿಯನ್ನು ತಮ್ಮ ಕೈಯಿಂದಲೇ ಮುಚ್ಚಿಕೊಂಡರು. ಹುಡುಗಿ ತಾನೇ ಹಿಂದಕ್ಕೆ ಹೋಗಿ, ಬೆರಳಿನಿಂದ ಚುಕ್ಕೆಗಳನ್ನು ಎಣಿಸಿ, ತಿದ್ದಿಕೊಂಡು ಮುಂದೆ ಹೋದಳು. ಅನುಶ್ರೀ ಗೋಡೆಗೊರಗಿ ಕೇಳಿದಳು. ಆ ಗೆರೆಗಳನ್ನು ಅವಳು ಸಾವಿರ ಸಲ ಎಳೆದಿದ್ದಳು, ಅವುಗಳ ಬೆನ್ನು ಹೊಟ್ಟೆ ಎಲ್ಲ ಅವಳಿಗೆ ಗೊತ್ತಿತ್ತು. ದನಿ ಹೇಗಿರುತ್ತದೆಂದು ಇವತ್ತೇ ಕೇಳಿದ್ದು. ಹುಡುಗಿ ಓದಿದ್ದು ಅಕ್ಷರದಿಂದಲೋ, ಆಗಷ್ಟೇ ನಕ್ಕ ನಗೆಯಿಂದಲೋ, ತಪ್ಪು ಹಿಡಿಯಲು ಬಾರದ ಈ ಕೇಳುಗನಿಂದಲೋ? ಯಾವ ಲಕೋಟೆಯೂ ಇದನ್ನು ಹೇಳಲಾರದು. ಹೇಳದಿದ್ದರೆ ಬೇಡ. ಕೊನೆಯ ಸಾಲು ಮು‌ಗಿದಾಗ ಲಯಾನಳ ಎರಡೂ ಕೈ ಹೊಟ್ಟೆಯ ಮೇಲಿರಲಿಲ್ಲ, ಹಾಳೆಯ ಮೇಲಿದ್ದವು. ಮಕ್ಕಳು ಚಪ್ಪಾಳೆ ತಟ್ಟಿದರು. ಅನುಶ್ರೀಗೆ ಸಂತೋಷವಾಯಿತು, ಇಂಥ ಸಂತೋಷ ಅವಳಿಗೆ ಬಹಳ ವರ್ಷಗಳಿಂದ ಆಗಿರಲಿಲ್ಲ.

ಲಯಾನ್ ಹಾಳೆಯನ್ನು ಬಸವಪ್ರಸಾದನ ಕೈಗಿಟ್ಟಳು. "ಯುವರ್ ಟರ್ನ್."

"ಏನಂತಾಳ?" ಎಂದು ಅವನು ತಂಗಿಯತ್ತ ತಿರುಗಿದ.

"ನಿನ್ನ ಪಾಳಿ ಅಂತ. ಓದಬೇಕಂತ." ಅವನು ಎಲ್ಲರೆದುರಿಗೆ ಹಾಳೆ ಹಿಡಿದದ್ದನ್ನು ಅವಳು ಕೊನೆಯ ಸಲ ನೋಡಿದ್ದು ಆ ನಾಲ್ಕನೆಯ ಇಯತ್ತೆಯಲ್ಲಿ. "ಬ್ಯಾಡ ಬಿಡಣ್ಣಾ, ನಾ ಹೇಳ್ತೀನಿ ಅವಳಿಗೆ" ಎಂದು ಮುಂದೆ ಬಂದಳು. ಅವನು ಅಷ್ಟರಲ್ಲಿ ಎದ್ದಿದ್ದ. ಓದುವುದೆಂದರೆ ಎದ್ದು ನಿಂತು ಓದುವುದು. ಅವನಿಗೆ ಗೊತ್ತಿದ್ದ ಪದ್ಧತಿ ಅದು. ಹಾಳೆಯನ್ನು ಮುಖದ ಹತ್ತಿರ ತಂದ, ದೂರ ಒಯ್ದ. ಹುಡುಗಿ ಓದಿದ್ದನ್ನು ನೋಡಿಟ್ಟುಕೊಂಡಿದ್ದನೆಂದು ಕಾಣುತ್ತದೆ, ಬೆರಳನ್ನು ಸರಿಯಾಗಿ ಬಲಗಡೆಯ ತುದಿಗೇ ಇಟ್ಟ. ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಒಂದು ಊರಾಗ ಒಬ್ಬ ಅಣ್ಣ, ಒಬ್ಬಾಕಿ ತಂಗಿ ಇದ್ರು" ಎಂದು ಓದಿದ. ದನಿ ದೊಡ್ಡದಾಗಿ, ಸ್ಪಷ್ಟವಾಗಿ, ಒಂದಿಷ್ಟೂ ತಡವರಿಸದೆ ಬಂತು. "ಅಣ್ಣ ದೊಡ್ಡಾವ, ತಂಗಿ ಶಾಣ್ಯಾಕಿ. ಅವರಪ್ಪ ಸಾಲಿ ಮಾಸ್ತರ. ಅಣ್ಣಗ ಅಕ್ಷರ ಹತ್ತಲಿಲ್ಲ. ಮಾಸ್ತರಗ ಸಿಟ್ಟು ಬಂತು. ಯಾರು ಹೊಡೀತೀರಿ ಇವಗ ಅಂದ." ಬೆರಳು ಎಡಕ್ಕೆ ಹೋಗಿ ಮುಟ್ಟಿ, ಮುಂದಿನ ಸಾಲಿನ ಬಲಕ್ಕೆ ಬಂತು. ಕೇಳರಿಯದ ಭಾಷೆಗೆ ಮಕ್ಕಳು ಕಣ್ಣರಳಿಸಿ ನಗುತ್ತಿದ್ದರು. ಅನುಶ್ರೀ ಅವನ ಬೆರಳನ್ನೇ ನೋಡುತ್ತಿದ್ದಳು. "ತಂಗಿ ಕೈ ಎತ್ತಿದ್ಲು. ಸರ್, ನಾನು ಸರ್, ನಾನು ಅಂದ್ಲು. ಅಣ್ಣಗ ಜೀವ ಬಂದಂಗಾತು. ಯಾಕಂದ್ರ ಮಾನಿಟರ್ ಮೃತ್ಯುಂಜಯನ ಕೈ ಅಂದ್ರ ಕಬ್ಬಿಣ, ಅವ ಹೊಡದ್ರ ಹಲ್ಲು ಅಲುಗತಿದ್ವು. ತಂಗಿ ಕೈ ಸಣ್ಣದಿತ್ತು. ನನ್ನ ತಂಗಿ ನನ್ನ ಉಳಿಸಿದ್ಲು ಅಂತ ಅಣ್ಣ ಸುಮ್ಮನ ಮೂಗು ಕೊಟ್ಟ. ಉರೀತು ಖರೆ. ಆದ್ರ ಹಲ್ಲು ಉಳಿದ್ವು." ಓದಿ ಮುಗಿಸಿ ಹಾಳೆಯಿಂದ ತಲೆಯೆತ್ತಿದ. ಇನ್ನೂ ನಾಲ್ಕು ಸಾಲು ಉಳಿದಿರುವುದನ್ನು ಲಯಾನ್ ಬೆರಳಿಟ್ಟು ತೋರಿಸಿದಳು. ಅವನು ಹಾಳೆಯನ್ನು ತಂಗಿಯತ್ತ ಚಾಚಿದ. "ಮುಂದಿಂದು ನೀ ಓದವ್ವ."

ಅವನಿಗೆ ಎಲ್ಲ ನೆನಪಿದೆ. ಅವಳ ಮಾತು, ಎತ್ತಿದ ಕೈ, ಎರಡು ಸಲದ ನಾನು ಕೂಡ. ನೆನಪಿಟ್ಟುಕೊಂಡು ಮೂವತ್ತೇಳು ವರ್ಷ ಹೀಗೆ ನಗುತ್ತ ಇದ್ದಾನೆ, ಅವಳು ಮಾಡದ ಪುಣ್ಯವನ್ನು ಅವಳ ಹೆಸರಿಗೆ ಬರೆದುಕೊಂಡು. ಸುಮ್ಮನಿದ್ದರೆ ಆ ಪುಣ್ಯ ಅವಳದೇ ಆಗಿ ಉಳಿಯುತ್ತದೆ. ಈ ಕೋಣೆಯಲ್ಲಿ ಕನ್ನಡ ಬಲ್ಲವರು ಇಬ್ಬರೇ. ಅನುಶ್ರೀ ಹಾಳೆ ತೆಗೆದುಕೊಂಡಳು. ಅದರ ಮೇಲಿನ ಒಂದೊಂದು ಚುಕ್ಕೆಯೂ ಅವಳಿಟ್ಟದ್ದು, ಒಂದು ಶಬ್ದವೂ ಅವಳಿಗೆ ಬಾರದು. ಬಲತುದಿಯಲ್ಲಿ ಬೆರಳಿಟ್ಟಳು. "ತಂಗಿ ಅಣ್ಣನ್ನ ಉಳಿಸಾಕ ಕೈ ಎತ್ತಲಿಲ್ಲ" ಎಂದು ಓದಿದಳು. ಶಬ್ದಗಳ ನಡುವೆ ದೊಡ್ಡ ದೊಡ್ಡ ಬಿಡುವು ಬಂತು. "ಅಪ್ಪ ತನ್ನ ನೋಡಿ ನಗಲಿ ಅಂತ ಎತ್ತಿದ್ಲು. ಅಪ್ಪ ನಕ್ಕ. ಹೊಡೆದ ಮ್ಯಾಲೆ ಆಕೀಗೆ ಖುಷಿ ಆತು. ಆ ಖುಷಿ ಆಕೀನ್ನ ಇನ್ನೂ ಬಿಟ್ಟಿಲ್ಲ. ಅಣ್ಣನ ಮುಂದ ಒಮ್ಮೆನೂ ಹೇಳಲಿಲ್ಲ. ತಪ್ಪಾತು ಅಂತ ಒಮ್ಮೆನೂ ಅನ್ನಲಿಲ್ಲ." ಅಲ್ಲಿಗೆ ನಿಂತಳು. ಸಾಲು ಕಣ್ಣಿನಲ್ಲಿ ಕಲಸಿಹೋಗಿ, ಬೆರಳು ಎಲ್ಲಿದೆಯೆಂದು ತಿಳಿಯಲಿಲ್ಲ.

ಬಸವಪ್ರಸಾದ್ ಕುತ್ತಿಗೆ ಕೆರೆದುಕೊಂಡ. ತಂಗಿಯ ಮುಖವನ್ನು ನೋಡಿದ, ಹಾಳೆಯನ್ನು ನೋಡಿದ. ಆಮೇಲೆ ಅವನ ಮುಖದ ತುಂಬ ಒಂದು ನಗೆ ಹರಡಿತು, ಜಾಣ ಹುಡುಗಿಯ ತಪ್ಪನ್ನು ಕೊನೆಗೂ ಹಿಡಿದುಬಿಟ್ಟವನ ನಗೆ.

"ತಪ್ಪು ಓದಿದಿ ತಂಗೀ" ಎಂದ. "ಕೊಡಿಲ್ಲಿ."

ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡು ಮತ್ತೆ ನೆಟ್ಟಗೆ ನಿಂತ. ಮೇಲಿನ ಸಾಲಿನ ಬಲತುದಿಗೆ ಬೆರಳಿಟ್ಟು, ಇಡೀ ತರಗತಿಗೆ ಹೇಳಿಕೊಡುವ ಮಾಸ್ತರರ ದನಿಯಲ್ಲಿ ಓದಿದ: "ತಂಗಿ ಕೈ ಸಣ್ಣದಿತ್ತು." ಟೀಚರು ಓದಿದ ಮೇಲೆ ಎಲ್ಲರೂ ಹೇಳಬೇಕೆಂಬುದು ಎಲ್ಲ ಊರಿನ ಮಕ್ಕಳಿಗೂ ಗೊತ್ತು, ಲಯಾನ್ ಮೊದಲು ಹೇಳಿದಳು, ಅವಳ ಹಿಂದೆ ಏಳೂ ಮಕ್ಕಳು ಒಟ್ಟಿಗೆ ಕೂಗಿದರು, ತಂಗಿ ಕೈ ಸಣ್ಣದಿತ್ತು. ಸರಿಯಾಗಿ ಬರಲಿಲ್ಲವೆಂದು ಅವನು ಇನ್ನೊಮ್ಮೆ ಓದಿದ. ಇನ್ನೊಮ್ಮೆ ಕೂಗಿದರು. ಮಿಸ್ ಇಬ್ತಿಸಾಮ್ ಕೂಡ ಪುಟ್ಟ ಕುರ್ಚಿಯಲ್ಲಿ ಕೂತೇ ಅರ್ಥ ಕೇಳದೆ ಹೇಳಿದರು. ಅವನು ಸಾಲಿನಿಂದ ಬೆರಳು ತೆಗೆಯಲಿಲ್ಲ, ತಂಗಿಯತ್ತ ನೋಡುತ್ತ ಕಾದ. ಕೊನೆಗೆ ಅನುಶ್ರೀಯೂ ಹೇಳಿದಳು.